ಒಂದೇ ‘ಲ’, ಎರಡು ಕೆಲಸ: ಫ್ರೆಂಚ್ ಕಲಿಕೆಗೆ ಕನ್ನಡವೇ ಹತ್ತಿರದ ದಾರಿ

ಧಾರವಾಡ: ಗೋವಾ ರಸ್ತೆಯ ಬದಿಯಲ್ಲಿರುವ, ಒಂದು ಕಾಲಕ್ಕೆ ಊರಿಗೆ ಕುಡಿಯುವ ನೀರು ಒದಗಿಸಿದ ಕೆಲಗೇರಿ ಕೆರೆಯನ್ನು ಕುರಿತು ಎರಡು ಸಣ್ಣ ವಾಕ್ಯಗಳನ್ನು ಕಟ್ಟಬಹುದು. ‘ನಾನು ಕೆರೆಯನ್ನು ನೋಡುತ್ತೇನೆ’ ಎಂಬುದು ಒಂದು. ‘ನಾನು ಅದನ್ನು ನೋಡುತ್ತೇನೆ’ ಎಂಬುದು ಇನ್ನೊಂದು. ಕನ್ನಡ ಬಲ್ಲ ಮಗುವಿಗೂ ಇವು ಕಷ್ಟವಲ್ಲ. ಆದರೆ ಇವೇ ವಾಕ್ಯಗಳನ್ನು ಫ್ರೆಂಚ್ ಭಾಷೆಗೆ ತರಲು ಕುಳಿತ ವಿದ್ಯಾರ್ಥಿ ಒಂದಕ್ಷರದಷ್ಟು ಚಿಕ್ಕದಾದ ಪದದ ಬಳಿ ತಡವರಿಸುತ್ತಾನೆ. ಆ ಪದವೇ ‘ಲ’.

ಮೊದಲ ವಾಕ್ಯ ಫ್ರೆಂಚಿನಲ್ಲಿ ‘ಝ ವ್ವಾ ಲ ಲಾಕ್’ ಎಂದಾಗುತ್ತದೆ. ಎರಡನೆಯದು ‘ಝ ಲ ವ್ವಾ’. ‘ಝ’ ಎಂದರೆ ನಾನು, ‘ವ್ವಾ’ ಎಂದರೆ ನೋಡುತ್ತೇನೆ, ‘ಲಾಕ್’ ಎಂದರೆ ಕೆರೆ. ಎರಡೂ ವಾಕ್ಯಗಳಲ್ಲಿ ‘ಲ’ ಇದೆ. ಮೊದಲನೆಯದರಲ್ಲಿ ಅದು ಕೆರೆ ಎಂಬ ನಾಮಪದಕ್ಕೆ ಅಂಟಿಕೊಂಡ ಉಪಪದ. ಪುಲ್ಲಿಂಗವನ್ನೂ ನಿರ್ದಿಷ್ಟತೆಯನ್ನೂ ಸೂಚಿಸುತ್ತದೆ. ಎರಡನೆಯದರಲ್ಲಿ ಅದು ಕೆರೆಯ ಸ್ಥಾನದಲ್ಲಿ ನಿಂತ ಸರ್ವನಾಮ. ‘ಅದನ್ನು’ ಎಂಬ ಅರ್ಥ ಕೊಡುತ್ತದೆ. ರೂಪ ಒಂದೇ, ಉಚ್ಚಾರ ಒಂದೇ, ಕೆಲಸ ಮಾತ್ರ ಬೇರೆ ಬೇರೆ. (ಫ್ರೆಂಚ್ ಪದಗಳ ಉಚ್ಚಾರವನ್ನು ಇಲ್ಲಿ ಕನ್ನಡ ಲಿಪಿಗೆ ಸಾಧ್ಯವಾದಷ್ಟು ಸಮೀಪವಾಗಿ ನೀಡಲಾಗಿದೆ.)

ಫ್ರೆಂಚ್ ಕಲಿಯುವವರ ಮೊದಲ ವರ್ಷದ ತಪ್ಪುಗಳಲ್ಲಿ ಹಲವು ಈ ಚಿಕ್ಕ ಪದದ ಸುತ್ತಲೇ ಹುಟ್ಟುತ್ತವೆ. ಇಲ್ಲಿ ದೊರೆಯುವ ಬಹುತೇಕ ಫ್ರೆಂಚ್ ಪಾಠಪುಸ್ತಕಗಳ ವಿವರಣೆ ಇಂಗ್ಲಿಷಿನಲ್ಲಿದೆ. ಹೀಗಾಗಿ ಕನ್ನಡದ ವಿದ್ಯಾರ್ಥಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಫ್ರೆಂಚಿಗೆ ಎರಡು ಬಾರಿ ಹೊಳೆ ದಾಟುತ್ತಾನೆ. ‘ಲ’ ಪದದ ಮಟ್ಟಿಗೆ ಈ ಸುತ್ತುದಾರಿ ಅನಗತ್ಯವಷ್ಟೇ ಅಲ್ಲ, ಹಲವೆಡೆ ತಪ್ಪಿಗೆ ಅದೇ ಕಾರಣ.

ಕಲಿಯುವವರು ಯಾರು?

ಫ್ರೆಂಚ್ ಈಗ ಸಾಹಿತ್ಯಾಸಕ್ತರ ಭಾಷೆಯಾಗಿ ಮಾತ್ರ ಉಳಿದಿಲ್ಲ. ಶಾಲೆಗಳಲ್ಲಿ ಅದನ್ನು ಐಚ್ಛಿಕ ಭಾಷೆಯಾಗಿ ಆಯ್ದುಕೊಳ್ಳುವವರಿದ್ದಾರೆ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಸಂಸ್ಥೆಗಳ ಮೂಲಕ ‘ಡೆಲ್ಫ್’ ಪ್ರಮಾಣಪತ್ರದ ಪರೀಕ್ಷೆ ಬರೆಯುವವರಿದ್ದಾರೆ. ಕೆನಡಾ ಸರ್ಕಾರ 2023ರಲ್ಲಿ ತನ್ನ ವಲಸೆ ಆಯ್ಕೆ ಪದ್ಧತಿಯಲ್ಲಿ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ವರ್ಗವನ್ನು ತೆರೆದ ಮೇಲೆ ಉದ್ಯೋಗದ ಹಂಬಲದಿಂದ ಕಲಿಯುವವರೂ ಸೇರಿಕೊಂಡಿದ್ದಾರೆ. ಇಂಥ ಪರೀಕ್ಷೆಗಳಲ್ಲಿ ದೊಡ್ಡ ಪದಗಳ ಸಂಗ್ರಹವೊಂದೇ ಸಾಲದು. ‘ಲ’ದಂಥ ಚಿಕ್ಕ ಪದ ಸರಿಯಾದ ಜಾಗದಲ್ಲಿ ಬಿದ್ದಿದೆಯೇ ಎಂಬುದರಿಂದಲೇ ಅಭ್ಯರ್ಥಿಯ ಹಿಡಿತ ತಿಳಿದುಬಿಡುತ್ತದೆ.

ನಾಮಪದದ ಜೊತೆಗಾರ

ಕನ್ನಡದಲ್ಲಿ ಉಪಪದ ಎಂಬುದಿಲ್ಲ. ಹಾಗೆಂದು ನಿರ್ದಿಷ್ಟ, ಅನಿರ್ದಿಷ್ಟ ಎಂಬ ಭೇದವನ್ನು ಕನ್ನಡ ಅರಿಯದೆಂದು ತಿಳಿಯಬಾರದು. ‘ಪುಸ್ತಕ ತಂದೆ’ ಎಂದಾಗ ಯಾವುದೋ ಒಂದು ಪುಸ್ತಕ ಎಂದರ್ಥ. ‘ಪುಸ್ತಕವನ್ನು ತಂದೆ’ ಎಂದಾಗ ಹೇಳುವವರಿಗೂ ಕೇಳುವವರಿಗೂ ಗೊತ್ತಿರುವ ಪುಸ್ತಕ ಎಂಬ ಧ್ವನಿ ಬರುತ್ತದೆ. ಕರ್ಮಪದಕ್ಕೆ ಹತ್ತುವ ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿ ಪ್ರತ್ಯಯವೇ ಇಲ್ಲಿ ಗುರುತಿನ ಕೆಲಸ ಮಾಡುತ್ತದೆ. ಫ್ರೆಂಚ್ ಭಾಷೆ ಈ ಗುರುತನ್ನು ಪದದ ಕೊನೆಯಲ್ಲಿಡದೆ ಮೊದಲಲ್ಲಿಡುತ್ತದೆ: ‘ಅಂ ಲೀವ್ರ್’ ಎಂದರೆ ಒಂದು ಪುಸ್ತಕ, ‘ಲ ಲೀವ್ರ್’ ಎಂದರೆ ಆ ಗೊತ್ತಿರುವ ಪುಸ್ತಕ.

ವ್ಯತ್ಯಾಸವೂ ಇದೆ. ಕನ್ನಡದ ‘ಅನ್ನು’ ಕರ್ಮಪದಕ್ಕಷ್ಟೇ ಸೀಮಿತ. ಫ್ರೆಂಚಿನ ‘ಲ’ ಕರ್ತೃಪದದ ಮುಂಚೆಯೂ ಬರುತ್ತದೆ. ಒಂದು ಜಾತಿಯ ವಸ್ತುವನ್ನು ಒಟ್ಟಾರೆಯಾಗಿ ಹೇಳುವಾಗಲೂ ಬೇಕೇ ಬೇಕು. ‘ನನಗೆ ಕಾಫಿ ಇಷ್ಟ’ ಎನ್ನಲು ‘ಝೆಮ್ ಲ ಕಾಫೇ’ ಎನ್ನಬೇಕು. ಇಂಗ್ಲಿಷಿನಲ್ಲಿ ಇಲ್ಲಿ ಉಪಪದ ಬಾರದು. ಆದ್ದರಿಂದ ಇಂಗ್ಲಿಷನ್ನು ಅನುಸರಿಸಿದವರು ‘ಲ’ವನ್ನು ಬಿಟ್ಟುಬಿಡುತ್ತಾರೆ. ವಾರದ ಹೆಸರುಗಳಲ್ಲಿಯೂ ಒಂದು ಸೂಕ್ಷ್ಮವಿದೆ: ‘ಲಂದಿ’ ಎಂದರೆ ಬರುವ ಅಥವಾ ಕಳೆದ ಒಂದು ಸೋಮವಾರ, ‘ಲ ಲಂದಿ’ ಎಂದರೆ ಪ್ರತಿ ಸೋಮವಾರ. ತಾರೀಖು ಹೇಳುವಾಗಲೂ ‘ಲ’ ತಪ್ಪದು.

ಕೆರೆ ಗಂಡೇಕೆ?

ಕನ್ನಡದ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಕಲ್ಲು, ಕೆರೆ, ಎತ್ತು, ಪುಸ್ತಕ ಎಲ್ಲವೂ ನಪುಂಸಕಲಿಂಗ. ಫ್ರೆಂಚಿನಲ್ಲಿ ನಪುಂಸಕಲಿಂಗದ ನಾಮಪದಗಳೇ ಇಲ್ಲ. ಪ್ರತಿ ವಸ್ತುವೂ ‘ಲ’ ಅಥವಾ ‘ಲಾ’ ಎಂಬ ಎರಡು ಮನೆಗಳಲ್ಲಿ ಒಂದಕ್ಕೆ ಸೇರಲೇಬೇಕು. ಕೆರೆ ‘ಲ ಲಾಕ್’, ಸೂರ್ಯ ‘ಲ ಸೊಲೇಯ್’. ಆದರೆ ಕನ್ನಡದಲ್ಲಿ ಪುಲ್ಲಿಂಗವಾದ ಚಂದ್ರ ಅಲ್ಲಿ ‘ಲಾ ಲ್ಯೂನ್’, ಅಂದರೆ ಸ್ತ್ರೀಲಿಂಗ. ಬಹುವಚನದಲ್ಲಿ ಎರಡಕ್ಕೂ ‘ಲೇ’ ಒಂದೇ.

ಇದು ಕನ್ನಡಿಗರು ಹಿಂದೆಂದೂ ಕಾಣದ ಸಂಗತಿಯೇನಲ್ಲ. ಸಂಸ್ಕೃತದಲ್ಲಿ ಹೆಂಡತಿ ಎಂಬ ಒಂದೇ ಅರ್ಥಕ್ಕೆ ‘ದಾರಾಃ’ ಪುಲ್ಲಿಂಗ, ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರಂ’ ನಪುಂಸಕಲಿಂಗ. ಹಿಂದಿಯಲ್ಲಿ ‘ಕಿತಾಬ್’ ಸ್ತ್ರೀಲಿಂಗವಾದರೆ ‘ಕಾಗಜ್’ ಪುಲ್ಲಿಂಗ. ಮರಾಠಿ, ಕೊಂಕಣಿಗಳ ನೆರೆಯಲ್ಲಿ ಬೆಳೆದ ಧಾರವಾಡದ ಕಿವಿಗೆ ವಸ್ತುಗಳಿಗೂ ಲಿಂಗವಿರುವ ಭಾಷೆ ಹೊಸದಲ್ಲ. ಆ ಅನುಭವವನ್ನು ಫ್ರೆಂಚಿಗೆ ಬಳಸಿಕೊಳ್ಳಬಹುದು. ಇಂಗ್ಲಿಷ್ ಈ ವಿಷಯದಲ್ಲಿ ಯಾವ ನೆರವನ್ನೂ ನೀಡದು.

‘ಲ’ ಮತ್ತು ‘ಲಾ’ ಅದಲು ಬದಲಾದರೆ ಅರ್ಥವೇ ಬದಲಾಗುವ ಪದಗಳೂ ಇವೆ. ‘ಲ ಲೀವ್ರ್’ ಪುಸ್ತಕವಾದರೆ ‘ಲಾ ಲೀವ್ರ್’ ಪೌಂಡ್ ಎಂಬ ತೂಕ ಅಥವಾ ನಾಣ್ಯ. ‘ಲ ಪೊಸ್ತ್’ ಹುದ್ದೆ, ‘ಲಾ ಪೊಸ್ತ್’ ಅಂಚೆ. ‘ಲ ಮೋರ್’ ಸತ್ತ ಮನುಷ್ಯ, ‘ಲಾ ಮೋರ್’ ಸಾವು. ಕ್ರೀಡಾಪುಟದ ಓದುಗರಿಗೆ ಗೊತ್ತಿರುವ, 1903ರಲ್ಲಿ ಆರಂಭವಾದ ಸೈಕಲ್ ಸ್ಪರ್ಧೆ ‘ಲ ತೂರ್ ದ ಫ್ರಾಂಸ್’. ಅಲ್ಲಿ ‘ತೂರ್’ ಎಂದರೆ ಸುತ್ತು. 1889ರಲ್ಲಿ ಪ್ಯಾರಿಸ್‌ನಲ್ಲಿ ತಲೆಯೆತ್ತಿದ ಗೋಪುರ ‘ಲಾ ತೂರ್ ಎಫೆಲ್’. ಹ್ರಸ್ವ, ದೀರ್ಘಗಳನ್ನು ಬೇರೆಯಾಗಿಯೇ ಬರೆಯುವ ಕನ್ನಡ ಲಿಪಿಯಲ್ಲಿ ಈ ಭೇದ ಕಣ್ಣಿಗೆ ಕಾಣುವುದು ಒಂದು ಅನುಕೂಲ. ಕಲಿಯುವವರು ಫ್ರೆಂಚ್ ನಾಮಪದವನ್ನು ಬಿಡಿಯಾಗಿ ಬಾಯಿಪಾಠ ಮಾಡದೆ ‘ಲ’ ಅಥವಾ ‘ಲಾ’ ಸಹಿತವಾಗಿಯೇ ನೆನಪಿಡಬೇಕು.

ಭಾಷೆಗಳ ಹೆಸರುಗಳೆಲ್ಲ ಫ್ರೆಂಚಿನಲ್ಲಿ ಪುಲ್ಲಿಂಗ. ನಾವು ತಾಯಿ ಎಂದು ಪೂಜಿಸುವ ಕನ್ನಡವೂ ಅಲ್ಲಿ ‘ಲ ಕನ್ನಡಾ’. ಹೊರಗಿನಿಂದ ಬಂದ ಪದಗಳೂ ಹೆಚ್ಚಾಗಿ ಪುಲ್ಲಿಂಗದ ಮನೆಯನ್ನೇ ಸೇರುತ್ತವೆ. ಭಾರತದಿಂದ ಹೋದ ಸೀರೆ, ಯೋಗ, ಬಂಗಲೆಗಳು ‘ಲ’ ಪಡೆದಿವೆ. ಆದರೆ ಅದೇ ಭಾರತದಿಂದ ಹೋದ ಜಂಗಲ್ ಮಾತ್ರ ‘ಲಾ’ ಪಡೆದಿದೆ. ನಿಯಮವಿದ್ದಲ್ಲಿ ಅಪವಾದವೂ ಇದ್ದೇ ಇರುತ್ತದೆ.

ಸಂಧಿ ಬಲ್ಲವರಿಗೆ ಸುಲಭ

ಸ್ವರದಿಂದ ಆರಂಭವಾಗುವ ಪದ ಎದುರಾದಾಗ ‘ಲ’ ತನ್ನ ಸ್ವರವನ್ನು ಕಳೆದುಕೊಳ್ಳುತ್ತದೆ. ‘ಲ’ ಮತ್ತು ‘ಆಮಿ’ ಸೇರಿ ‘ಲಾಮಿ’ (ಗೆಳೆಯ), ‘ಲ’ ಮತ್ತು ‘ಓತೆಲ್’ ಸೇರಿ ‘ಲೋತೆಲ್’ (ಹೋಟೆಲು). ‘ಮಾತು’, ‘ಇಲ್ಲ’ ಸೇರಿ ‘ಮಾತಿಲ್ಲ’ ಆಗುವ ಲೋಪಸಂಧಿಯನ್ನು ಶಾಲೆಯಲ್ಲಿ ಕಲಿತವರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಇನ್ನೊಂದು ಕೂಡಿಕೆ ಹೆಚ್ಚು ಮುಖ್ಯವಾದುದು. ‘ದ’ (ಷಷ್ಠಿಯ ‘ಅ’ ಅಥವಾ ‘ಇಂದ’ ಎಂಬರ್ಥ) ಮತ್ತು ‘ಲ’ ಸೇರಿದರೆ ‘ದ್ಯು’ ಆಗುತ್ತದೆ. ‘ಆ’ (‘ಗೆ’, ‘ಅಲ್ಲಿ’ ಎಂಬರ್ಥ) ಮತ್ತು ‘ಲ’ ಸೇರಿದರೆ ‘ಓ’ ಆಗುತ್ತದೆ. ಸ್ತ್ರೀಲಿಂಗದ ‘ಲಾ’ ಹೀಗೆ ಕರಗುವುದಿಲ್ಲ. ಬೋದಿಲೇರನ 1857ರ ಪ್ರಸಿದ್ಧ ಕವನ ಸಂಕಲನದ ಹೆಸರು ‘ಲೇ ಫ್ಲರ್ ದ್ಯು ಮಾಲ್’. ಪಿ. ಲಂಕೇಶ್ ಅದನ್ನು ಕನ್ನಡಕ್ಕೆ ತಂದಾಗ ‘ಪಾಪದ ಹೂಗಳು’ ಎಂದರು. ಮೂಲದ ‘ಲೇ’ ಆಗಲಿ, ‘ದ್ಯು’ವಿನಲ್ಲಿ ಅಡಗಿರುವ ‘ಲ’ ಆಗಲಿ ಕನ್ನಡದ ಹೆಸರಿನಲ್ಲಿಲ್ಲ. ಅರ್ಥಕ್ಕೆ ಕೊರತೆಯೂ ಆಗಿಲ್ಲ. ಉಪಪದವಿಲ್ಲದ ಭಾಷೆಯಿಂದ ಹೊರಟವರು ಎದುರು ದಿಕ್ಕಿನಲ್ಲಿ ಅನುವಾದಿಸುವಾಗ ಇದನ್ನೇ ಮತ್ತೆ ಸೇರಿಸಬೇಕಾಗುತ್ತದೆ.

ಕ್ರಿಯಾಪದದ ಜೊತೆಗಾರ

ಈಗ ಎರಡನೆಯ ‘ಲ’ಕ್ಕೆ ಬರೋಣ. ‘ಝ ಲ ವ್ವಾ’ ಎಂಬುದನ್ನು ಪದಕ್ಕೆ ಪದವಿಟ್ಟು ನೋಡಿದರೆ ‘ನಾನು, ಅದನ್ನು, ನೋಡುತ್ತೇನೆ’ ಎಂದಾಗುತ್ತದೆ. ಇದು ಅಪ್ಪಟ ಕನ್ನಡದ ಅನುಕ್ರಮ. ಕರ್ತೃ, ಕರ್ಮ, ಕ್ರಿಯೆ ಎಂಬ ಸಾಲು ಹಾಗೆಯೇ ಉಳಿದಿದೆ. ಇಂಗ್ಲಿಷಿನಲ್ಲಾದರೋ ಸರ್ವನಾಮ ಕ್ರಿಯಾಪದದ ನಂತರ ಬರುತ್ತದೆ. ಆದ್ದರಿಂದ ಇಂಗ್ಲಿಷಿನ ಮೂಲಕ ಹೋದವರು ‘ಝ ವ್ವಾ ಲ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ನೇರವಾಗಿ ಕನ್ನಡದಿಂದ ಹೊರಟವರಿಗೆ ಈ ತಪ್ಪು ಆಗಬೇಕಾದ ಕಾರಣವೇ ಇಲ್ಲ.

ಎರಡು ಸರ್ವನಾಮಗಳು ಬಂದಾಗಲೂ ಕನ್ನಡ ಕೈಬಿಡದು. ‘ಝ ಲ ಲ್ವೀ ದೊನ್’ ಎಂದರೆ ‘ನಾನು ಅದನ್ನು ಅವನಿಗೆ ಕೊಡುತ್ತೇನೆ’. ‘ಇಲ್ ಮ ಲ ದೊನ್’ ಎಂದರೆ ‘ಅವನು ನನಗೆ ಅದನ್ನು ಕೊಡುತ್ತಾನೆ’. ಎರಡೂ ಕಡೆ ಫ್ರೆಂಚ್ ಪದಗಳ ಸಾಲು ಕನ್ನಡದ ಸಾಲಿನೊಂದಿಗೆ ಹೊಂದುತ್ತದೆ. ನಾಮಪದವೇ ಕರ್ಮವಾಗಿ ಬಂದಾಗ ಮಾತ್ರ ಫ್ರೆಂಚ್ ಇಂಗ್ಲಿಷಿನಂತೆ ಅದನ್ನು ಕ್ರಿಯಾಪದದ ನಂತರ ಇಡುತ್ತದೆ.

ಇದರ ಜೊತೆಗೆ ಕೆಲವು ವಿವರಗಳನ್ನು ಗಮನಿಸಬೇಕು. ನಿಷೇಧದಲ್ಲಿ ‘ಲ’ ಕ್ರಿಯಾಪದವನ್ನು ಬಿಟ್ಟು ಕದಲದು: ‘ಝ ನ ಲ ವ್ವಾ ಪಾ’ (ನಾನು ಅದನ್ನು ನೋಡುವುದಿಲ್ಲ). ಎರಡು ಕ್ರಿಯೆಗಳಿದ್ದಾಗ ಅದು ತನ್ನನ್ನು ಆಳುವ ಕ್ರಿಯೆಯ ಪಕ್ಕದಲ್ಲಿ ನಿಲ್ಲುತ್ತದೆ: ‘ಝ ವೇ ಲ ವ್ವಾರ್’ (ನಾನು ಅದನ್ನು ನೋಡಲಿದ್ದೇನೆ). ‘ಅದನ್ನು ನೋಡು’ ಎಂಬ ಆಜ್ಞೆಯಲ್ಲಿ ಮಾತ್ರ ಅದು ಹಿಂದಕ್ಕೆ ಸರಿದು ‘ರಗಾರ್ದ್-ಲ’ ಎಂದಾಗುತ್ತದೆ. ‘ನೋಡಬೇಡ’ ಎಂದ ಕೂಡಲೇ ಪುನಃ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ: ‘ನ ಲ ರಗಾರ್ದ್ ಪಾ’. ಭೂತಕಾಲದಲ್ಲಿ ಸಹಾಯಕ ಕ್ರಿಯಾಪದದ ಮುಂಚೆ ಲೋಪಸಂಧಿಯಾಗಿ ‘ಝ ಲೇ ವ್ಯು’ (ನಾನು ಅದನ್ನು ನೋಡಿದೆ) ಎಂದು ಕೇಳಿಸುತ್ತದೆ. ಇಲ್ಲಿನ ‘ಲೇ’ ಬಹುವಚನವಲ್ಲ. ‘ಲ’ ಮತ್ತು ‘ಏ’ ಸೇರಿ ಆದದ್ದು.

ಕನ್ನಡದ ಒಂದು ಅಭ್ಯಾಸ ಮಾತ್ರ ಇಲ್ಲಿ ತೊಡಕಾಗುತ್ತದೆ. ‘ಆ ಪುಸ್ತಕ ಓದಿದೆಯಾ?’ ಎಂದು ಕೇಳಿದರೆ ಕನ್ನಡಿಗರು ‘ಓದಿದೆ’ ಎಂದಷ್ಟೇ ಉತ್ತರಿಸುತ್ತಾರೆ. ‘ಅದನ್ನು’ ಎಂದು ಹೇಳುವ ಅಗತ್ಯವೇ ಬೀಳದು. ಫ್ರೆಂಚಿನಲ್ಲಿ ಹಾಗೆ ಬಿಟ್ಟರೆ ವಾಕ್ಯ ಅರ್ಧಕ್ಕೆ ನಿಂತಂತೆ. ‘ವ್ವಿ, ಝ ಲೇ ಲ್ಯು’ (ಹೌದು, ನಾನು ಅದನ್ನು ಓದಿದೆ) ಎಂದು ಪೂರ್ಣವಾಗಿ ಹೇಳಬೇಕು.

ಎರಡಕ್ಕೂ ಒಂದೇ ಬೇರು

ಉಪಪದವೂ ಸರ್ವನಾಮವೂ ಒಂದೇ ರೂಪದಲ್ಲಿರುವುದು ಆಕಸ್ಮಿಕವಲ್ಲ. ಫ್ರೆಂಚಿನ ಮೂಲವಾದ ಲ್ಯಾಟಿನ್ ಭಾಷೆಯಲ್ಲಿಯೂ ಕನ್ನಡದಂತೆ ಉಪಪದ ಇರಲಿಲ್ಲ. ದೂರದ ವಸ್ತುವನ್ನು ತೋರಿಸಲು ‘ಇಲ್ಲೆ’ ಎಂಬ ದರ್ಶಕ ಪದವಿತ್ತು. ಕನ್ನಡದ ‘ಆ’, ‘ಅವನು’ ಎಂಬುದಕ್ಕೆ ಸಮಾನವಾದ ಪದವದು. ಅದರ ದ್ವಿತೀಯಾ ರೂಪ ‘ಇಲ್ಲುಂ’. ಜನರ ಬಾಯಲ್ಲಿ ಸವೆದು ಸವೆದು ಅದರ ಮೊದಲ ಭಾಗ ಬಿದ್ದುಹೋಗಿ ‘ಲ’ ಉಳಿಯಿತು. ನಾಮಪದದ ಮುಂಚೆ ನಿಂತ ‘ಲ’ ತೋರಿಸುವ ಶಕ್ತಿಯನ್ನು ಕಳೆದುಕೊಂಡು ಉಪಪದವಾಯಿತು. ಕ್ರಿಯಾಪದದ ಮುಂಚೆ ನಿಂತದ್ದು ‘ಅವನನ್ನು, ಅದನ್ನು’ ಎಂಬ ಸರ್ವನಾಮವಾಯಿತು. ‘ಅವನು’ ಎಂಬರ್ಥದ ಫ್ರೆಂಚಿನ ‘ಇಲ್’ ಕೂಡ ಇದೇ ‘ಇಲ್ಲೆ’ಯ ಸಂತಾನ. ‘ಇಲ್ ಲ ವ್ವಾ’ (ಅವನು ಅದನ್ನು ನೋಡುತ್ತಾನೆ) ಎಂಬ ಚಿಕ್ಕ ವಾಕ್ಯದಲ್ಲಿ ಕರ್ತೃ, ಕರ್ಮಗಳೆರಡೂ ಒಂದೇ ಬೇರಿನವು.

ಕನ್ನಡದಲ್ಲಿ ನಡೆದಿರುವುದೂ ಇದೇ ಬಗೆಯದು. ‘ಆ ಕೆರೆ’ ಎಂಬಲ್ಲಿನ ‘ಆ’, ‘ಅವನು’, ‘ಅದು’, ‘ಅದನ್ನು’ ಎಂಬಲ್ಲಿನ ‘ಅ’ ಒಂದೇ ಮೂಲದವು. ಹತ್ತಿರದ್ದಕ್ಕೆ ‘ಈ’, ‘ಇವನು’, ‘ಇದು’ ಎಂಬ ಜೋಡಿಯೂ ಇದೆ. ಕನ್ನಡ, ಲ್ಯಾಟಿನ್‌ಗಳ ನಡುವೆ ರಕ್ತಸಂಬಂಧವಿಲ್ಲ. ತೋರಿಸುವ ಪದದಿಂದ ಪ್ರಥಮ ಪುರುಷ ಸರ್ವನಾಮ ಹುಟ್ಟುವುದು ಜಗತ್ತಿನ ಅನೇಕ ಭಾಷೆಗಳಲ್ಲಿ ಕಾಣುವ ಕ್ರಮ. ಕನ್ನಡದ ಹೆಸರಾಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಸರ್ವನಾಮಗಳ ಬಗ್ಗೆ ಬರೆದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ 2004ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಹಲವು ಭಾಷೆಗಳ ಸರ್ವನಾಮಗಳಿಗೂ ದರ್ಶಕ ಪದಗಳಿಗೂ ಇರುವ ನಂಟನ್ನು ಚರ್ಚಿಸಿದ್ದಾರೆ. ‘ಆ ಕೆರೆ’, ‘ಅದನ್ನು’ ಎಂಬೆರಡರ ನಂಟು ತಿಳಿದವರಿಗೆ ‘ಲ ಲಾಕ್’, ‘ಝ ಲ’ ಎಂಬೆರಡರ ನಂಟು ಹೊರೆಯಾಗಲಾರದು.

ವಿಭಕ್ತಿಯ ತೊಡಕು

ಕನ್ನಡವೇ ದಾರಿ ತಪ್ಪಿಸುವ ಕಡೆಗಳೂ ಇವೆ. ‘ಅವನನ್ನು’ ಎಂಬುದಕ್ಕೆ ‘ಲ’, ‘ಅವನಿಗೆ’ ಎಂಬುದಕ್ಕೆ ‘ಲ್ವೀ’ ಎಂಬ ಸೂತ್ರ ಬಹುಮಟ್ಟಿಗೆ ಸರಿ. ಆದರೆ ಯಾವ ಕ್ರಿಯೆಗೆ ಯಾವ ವಿಭಕ್ತಿ ಎಂಬುದನ್ನು ಪ್ರತಿ ಭಾಷೆಯೂ ತಾನೇ ನಿರ್ಧರಿಸುತ್ತದೆ. ಹುಬ್ಬಳ್ಳಿಯ ಬಸ್ಸಿಗೆ ಕಾಯುವವರು ಕನ್ನಡದಲ್ಲಿ ‘ಬಸ್ಸಿಗೆ’ ಎಂದು ಚತುರ್ಥಿ ಬಳಸುತ್ತಾರೆ. ಫ್ರೆಂಚಿನಲ್ಲಿ ಕಾಯುವ ಕ್ರಿಯೆ ನೇರ ಕರ್ಮವನ್ನು ಬಯಸುತ್ತದೆ: ‘ಝಾತಾಂ ಲ ಬ್ಯುಸ್’, ‘ಝ ಲಾತಾಂ’. ಕನ್ನಡದಲ್ಲಿ ‘ಅವನಿಗೆ’ ಸಹಾಯ ಮಾಡುತ್ತೇವೆ. ಫ್ರೆಂಚಿನಲ್ಲಿ ‘ಅವನನ್ನು’ ಎಂಬ ‘ಲ’ವೇ ಬರುತ್ತದೆ: ‘ಝ ಲೆದ್’. ಇದಕ್ಕೆ ವಿರುದ್ಧವಾಗಿ ನಾವು ಒಬ್ಬನನ್ನು ಪ್ರಶ್ನೆ ಕೇಳುವಾಗ ‘ಅವನನ್ನು ಕೇಳು’ ಎನ್ನುತ್ತೇವೆ. ಫ್ರೆಂಚಿನಲ್ಲಿ ಅಲ್ಲಿ ‘ಲ್ವೀ’ ಬೇಕು: ‘ಝ ಲ್ವೀ ದಮಾಂದ್’. ಇಂಥ ಹತ್ತಿಪ್ಪತ್ತು ಕ್ರಿಯಾಪದಗಳನ್ನು ಪಟ್ಟಿ ಮಾಡಿಕೊಂಡು ರೂಢಿಸಿಕೊಳ್ಳುವುದಲ್ಲದೆ ಬೇರೆ ಉಪಾಯವಿಲ್ಲ. ‘ಲ’ ಪುಲ್ಲಿಂಗಕ್ಕಷ್ಟೇ ಮೀಸಲಾದರೆ ‘ಲ್ವೀ’ಗೆ ‘ಅವನಿಗೆ’, ‘ಅವಳಿಗೆ’ ಎಂಬ ಭೇದವಿಲ್ಲ ಎಂಬುದನ್ನೂ ನೆನಪಿಡಬೇಕು.

ಮೇಷ್ಟ್ರಿಗೂ ‘ಲ’, ಮಾತಿಗೂ ‘ಲ’

ಗುರುಗಳನ್ನೋ ಹಿರಿಯರನ್ನೋ ಕುರಿತು ಮಾತನಾಡುವಾಗ ಕನ್ನಡಿಗರ ನಾಲಿಗೆ ‘ಅವನನ್ನು’ ಎನ್ನಲು ಒಪ್ಪದು. ‘ಮೇಷ್ಟ್ರು ಸಿಕ್ಕಿದ್ದರು, ಅವರನ್ನು ನೋಡಿದೆ’ ಎನ್ನುವುದೇ ಮರ್ಯಾದೆ. ಇದೇ ಸಂಸ್ಕಾರದಿಂದ ಫ್ರೆಂಚಿನಲ್ಲಿ ಒಬ್ಬ ಮೇಷ್ಟ್ರಿಗೆ ಬಹುವಚನದ ‘ಲೇ’ ಬಳಸಿದರೆ ಕೇಳುವವರು ಹಲವರನ್ನು ನೋಡಿದಿರೆಂದು ತಿಳಿಯುತ್ತಾರೆ. ಫ್ರೆಂಚಿನಲ್ಲಿ ಗೌರವದ ಬಹುವಚನ ಎದುರಿಗಿರುವವರನ್ನು ಮಾತನಾಡಿಸುವ ‘ವೂ’ (ನೀವು) ಎಂಬ ರೂಪದಲ್ಲಿದೆ. ಎದುರಿಗಿಲ್ಲದ ಒಬ್ಬ ಗಂಡಸು ಎಷ್ಟೇ ದೊಡ್ಡವರಾದರೂ ‘ಲ’ ಒಂದೇ. ಅದರಲ್ಲಿ ಅಗೌರವದ ಲೇಶವೂ ಇಲ್ಲ.

ಇದೇ ‘ಲ’ ವಸ್ತು, ವ್ಯಕ್ತಿಗಳನ್ನು ದಾಟಿ ಇಡೀ ಮಾತಿಗೇ ನಿಲ್ಲುವುದೂ ಉಂಟು. ‘ಅವನು ಇಂದು ಬರುವುದಿಲ್ಲ’ ಎಂದು ಒಬ್ಬರು ಹೇಳಿದಾಗ ‘ಅದು ನನಗೆ ಗೊತ್ತು’ ಎನ್ನಲು ‘ಝ ಲ ಸೇ’ ಸಾಕು. ಇಲ್ಲಿ ‘ಲ’ ಪುಲ್ಲಿಂಗದ ಯಾವ ವಸ್ತುವನ್ನೂ ಸೂಚಿಸದು. ಹಿಂದಿನ ವಾಕ್ಯವನ್ನೇ ಒಟ್ಟಾಗಿ ಹಿಡಿಯುತ್ತದೆ. ಕನ್ನಡದ ‘ಅದು’ ಕೂಡ ಇದನ್ನೇ ಮಾಡುತ್ತದೆ. ಫ್ರೆಂಚ್ ನಾಮಪದಗಳಲ್ಲಿ ಕಾಣದ ನಪುಂಸಕಲಿಂಗದ ನೆರಳು ಈ ಬಳಕೆಯಲ್ಲಿ ಉಳಿದಿದೆ ಎನ್ನಬಹುದು.

ನೆನಪಿಡಲು

* ‘ಲ’ದ ಮುಂದೆ ನಾಮಪದವಿದ್ದರೆ ಉಪಪದ, ಕ್ರಿಯಾಪದವಿದ್ದರೆ ಸರ್ವನಾಮ.

* ನಾಮಪದವನ್ನು ‘ಲ’ ಅಥವಾ ‘ಲಾ’ ಸಹಿತವಾಗಿಯೇ ಕಲಿಯಬೇಕು. ಅದು ತಿಳಿದರೆ ಸರ್ವನಾಮವೂ ತಿಳಿದಂತೆ: ‘ಲ ಲಾಕ್’ ಆದರೆ ‘ಝ ಲ ವ್ವಾ’, ‘ಲಾ ಲ್ಯೂನ್’ ಆದರೆ ‘ಝ ಲಾ ವ್ವಾ’.

* ಸರ್ವನಾಮದ ಜಾಗಕ್ಕೆ ಕನ್ನಡ ವಾಕ್ಯವನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು. ‘ಹೀಗೆ ಮಾಡು’ ಎಂಬ ಆಜ್ಞೆಯೊಂದೇ ಅಪವಾದ.

* ಉಪಪದ ‘ದ’, ‘ಆ’ಗಳೊಂದಿಗೆ ಕರಗಿ ‘ದ್ಯು’, ‘ಓ’ ಆಗುತ್ತದೆ. ಸರ್ವನಾಮ ಎಂದಿಗೂ ಕರಗದು. ‘ಝ ಪಾರ್ಲ್ ದ್ಯು ಲೀವ್ರ್’ (ನಾನು ಪುಸ್ತಕದ ಬಗ್ಗೆ ಮಾತನಾಡುತ್ತೇನೆ) ಸರಿ. ಆದರೆ ‘ಅದನ್ನು ಓದಲು ಮರೆತೆ’ ಎನ್ನುವಾಗ ‘ಝೆ ಉಬ್ಲಿಯೆ ದ ಲ ಲೀರ್’ ಎಂದು ಎರಡನ್ನೂ ಬಿಡಿಸಿಯೇ ಹೇಳಬೇಕು. ಎರಡು ‘ಲ’ಗಳಲ್ಲಿ ಯಾವುದು ಯಾವುದೆಂಬ ಸಂಶಯ ಬಂದಾಗ ಇದೇ ಒರೆಗಲ್ಲು.